ನಮ್ಮ ಮನೆಯ ಡ್ರೈಯರ್ ಮತ್ತು ಆಯಿಯ ಮಣಿಕಟ್ಟು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್ ದಾರಿ. ಆದರೆ ಮಳೆಯ ವಿಷಯದಲ್ಲಿ ಎರಡೂ ಬೇರೆ ಬೇರೆ ಊರು. ಹುಬ್ಬಳ್ಳಿಯಲ್ಲಿ ಮಳೆ ಸುರಿದು ಹೋಗುತ್ತದೆ. ಧಾರವಾಡದಲ್ಲಿ ಅದು ಬೀಗರ ಹಾಗೆ ಬಂದು ಕೂಡುತ್ತದೆ. ಆಷಾಢದಲ್ಲಿ ಜಿಟಿಜಿಟಿ ಹಿಡಿದರೆ ಶ್ರಾವಣ ಮುಗಿದರೂ ಬಿಡುವುದಿಲ್ಲ. ಬಿಸಿಲು ಮುಖ ತೋರಿಸಿತೆಂದು ಮಾಳಿಗೆ ಮೇಲೆ ಅರಿವಿ ಒಣಹಾಕಿ ಕೆಳಗೆ ಇಳಿಯುವಷ್ಟರಲ್ಲಿ ಮತ್ತೆ ಹನಿ. ಹೀಗಾಗಿ ನಮ್ಮ ಓಣಿಯ ಎಲ್ಲ ಮನೆಗಳ ಪಡಸಾಲೆಯಲ್ಲೂ ಮೂರು ತಿಂಗಳು ಹಗ್ಗ ಕಟ್ಟಿರುತ್ತದೆ. ಬಂದವರು ಲಂಗ, ಧೋತರಗಳ ಕೆಳಗೆ ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಇಂಥ ಊರಿನಲ್ಲಿ ಡ್ರೈಯರ್ ಎಂಬುದು ದೊಡ್ಡ ಮಾತು. ನಮ್ಮ ಕಡೆ ಡ್ರೈಯರ್ ಅಂದರೆ ಎರಡು ಟಬ್ಬಿನ ವಾಷಿಂಗ್ ಮಷಿನ್ನಿನ ಬಲಗಡೆಯದೋ ಎಡಗಡೆಯದೋ ಸಣ್ಣ ಟಬ್ಬು. ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಗರಗರ ತಿರುಗಿಸಿ ನೀರು ತೆಗೆಯುವುದು. ಎಲ್ಲವನ್ನೂ ತಾನೇ ಮಾಡುವ ಮಷಿನ್ನುಗಳು ಬಂದರೂ ನಮ್ಮಂಥ ಮನೆಗಳಲ್ಲಿ ಈ ಎರಡು ಟಬ್ಬಿನದೇ ಉಳಿದುಕೊಂಡಿದೆ. ಅದಕ್ಕೆ ಕಾರಣ ನೀರು. ನಳ ದಿನಾ ಬರದ ಓಣಿಯಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಬಕೆಟ್‌ನಿಂದ ಸುರಿದೂ ಇದನ್ನು ನಡೆಸಬಹುದು.

ನಮ್ಮ ಮನೆಗೆ ಅದು ಬಂದದ್ದು ಇನ್ನೊಂದು ಕಾರಣಕ್ಕೆ. ನನ್ನ ಹೆಂಡತಿಗೆ, ಅಂದರೆ ಮೊಮ್ಮಗಳ ಆಯಿಗೆ, ಎರಡೂ ಮಣಿಕಟ್ಟಿನಲ್ಲಿ ಸಂದುನೋವು. ಡಾಕ್ಟರು ಗುಳಿಗೆ ಕೊಟ್ಟು ಒಂದು ಮಾತು ಹೇಳಿದರು: "ರೊಟ್ಟಿ ಬಡಿಯೋದು ಬಿಡ್ರಿ ಅಂದ್ರ ನೀವು ಬಿಡೂದಿಲ್ಲ. ಅರಿವಿ ಹಿಂಡೂದನ್ನರೆ ಬಿಡ್ರಿ." ಆ ವಾರವೇ ಮಷಿನ್ ತಂದೆವು. ಒಗೆಯುವ ಟಬ್ಬು ಆಕೆಗೆ ಅಷ್ಟು ಮುಖ್ಯವಲ್ಲ. ಕಲ್ಲಿನ ಮೇಲೆ ಕುಕ್ಕಿದಷ್ಟು ಸ್ವಚ್ಛ ಆಗುವುದಿಲ್ಲ ಎಂಬ ತಕರಾರು ಇವತ್ತಿಗೂ ಇದೆ. ಆದರೆ ಡ್ರೈಯರ್ ಮಾತ್ರ ಆಕೆಯ ಎರಡು ಕೈ. ಅದು ನಿಂತಿತೆಂದರೆ ನಮ್ಮ ಮನೆಯಲ್ಲಿ ನಿಲ್ಲುವುದು ಬರೀ ಯಂತ್ರವಲ್ಲ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅಲ್ಲಿ ಹಿರಿಯರು ನಮಗೆ ಕಲಿಸಿದ ಕ್ರಮ ಮೂರು ಮಾತಿನದು: ಮೊದಲು ನೋಡು, ಆಮೇಲೆ ಕೇಳು, ಕೊನೆಗೆ ಮುಟ್ಟು. ನಿವೃತ್ತನಾದ ಮೇಲೆ ಅದೇ ಕ್ರಮ ಡ್ರೈಯರಿಗೂ ಬಂತು. ಮಗ ಸೊಸೆ ಕೆಲಸದ ಮೇಲೆ ಕಲಬುರಗಿಯಲ್ಲಿದ್ದಾರೆ. ಮೊಮ್ಮಗಳು ನಮ್ಮ ಹತ್ತಿರ ಇದ್ದು ಆರನೇ ತರಗತಿ ಓದುತ್ತಾಳೆ. ನಾನು ನೋಡುವುದು, ಕೇಳುವುದು ನಡೆದಾಗ ಆಕೆ ಹಿಂದೆ ನಿಂತು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಮುಟ್ಟುವುದು ಆಕೆಯ ಪಾಲಿಗಿಲ್ಲ ಎಂಬುದು ಮೊದಲ ದಿನವೇ ಆದ ಕರಾರು.

"ಅಜ್ಜಾ, ಬಿಸಿ ಇಲ್ಲ, ಗಾಳಿ ಇಲ್ಲ. ಅರಿವಿ ಹ್ಯಾಂಗ ಒಣಗತಾವು?" ಎಂಬುದು ಆಕೆಯ ಮೊದಲ ಪ್ರಶ್ನೆ.

"ಒಣಗೂದಿಲ್ಲವ್ವಿ. ನೀರು ಹೊರಗ ಹಾರತೈತಿ, ಅಷ್ಟ. ತೊಯ್ದ ಛತ್ರಿ ಗರಗರ ತಿರುಗಿಸಿ ನಿನ್ನ ಗೆಳತ್ಯಾರಿಗೆ ನೀರು ಸಿಡಸ್ತಿಯಲ್ಲ, ಹಂಗ."

ತಿರುಗುವ ವಸ್ತುವಿನ ಮೇಲಿನ ನೀರಿಗೆ ನೇರವಾಗಿ ಹೋಗುವ ಹಟ. ಬುಟ್ಟಿಯ ಗೋಡೆ ಬಟ್ಟೆಯನ್ನು ತಡೆದು ಹಿಡಿಯುತ್ತದೆ; ಗೋಡೆಯ ತೂತುಗಳು ನೀರನ್ನು ಬಿಟ್ಟುಬಿಡುತ್ತವೆ. ಇಂಥ ಮಷಿನ್ನುಗಳ ಡ್ರೈಯರ್ ಬುಟ್ಟಿ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ನಮ್ಮ ಬುಟ್ಟಿಯ ಅಡ್ಡಗಲ 24 ಸೆಂಟಿಮೀಟರ್. ಮೊಮ್ಮಗಳು ಅದನ್ನು 3.14ರಿಂದ ಗುಣಿಸಿ ಒಂದು ಸುತ್ತಿಗೆ 75 ಸೆಂಟಿಮೀಟರ್ ಎಂದಳು. 1300 ಸುತ್ತಿಗೆ ಹೆಚ್ಚುಕಡಿಮೆ 980 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ 59 ಕಿಲೋಮೀಟರ್! "ಅಜ್ಜಾ, ನಮ್ಮ ಬಚ್ಚಲದಾಗ ಬಸ್ ಓಡಾಕತ್ತೈತಿ" ಎಂದು ನಕ್ಕಳು. ನಾನು ನಗಲಿಲ್ಲ. "ಓಡೋ ಬಸ್ಸಿಗೆ ಕೈ ಅಡ್ಡ ಹಿಡೀತಿಯೇನು?" ಎಂದು ಕೇಳಿದೆ. ಅದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಯಿತು.

ಎರಡನೇ ಪುಟದ ಮೇಲಿರುವುದು ಗಡಗಡ. ಒಂದು ದಿನ ಮಷಿನ್ ನಡುಗುತ್ತಾ ಬಚ್ಚಲು ಬಾಗಿಲಿನ ಕಡೆ ನಡೆದುಕೊಂಡೇ ಬಂತು. ಒಳಗೆ ಇದ್ದದ್ದು ಒಂದೇ ಒಂದು ದಪ್ಪ ಟವೆಲ್, ಅದೂ ಒಂದು ಮಗ್ಗುಲಿಗೆ. ರೈಲಿನ ಗಾಲಿಯೇ ಆಗಲಿ ಡ್ರೈಯರ್ ಬುಟ್ಟಿಯೇ ಆಗಲಿ, ತಿರುಗುವುದಕ್ಕೆಲ್ಲ ಸುತ್ತಲೂ ತೂಕ ಸಮ ಇರಬೇಕು. ಟವೆಲ್ಲಿನ ಎದುರಿಗೆ ಎರಡು ಅಂಗಿ ಇಟ್ಟು ಕೈಯಿಂದ ಒತ್ತಿದೆವು, ನಡುಕ ನಿಂತಿತು. ನಿಲ್ಲದಿದ್ದರೆ ಮುಂದಿನದು ಕಾಲು ನೋಡುವುದು. ಬಚ್ಚಲ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಮಷಿನ್ನಿನ ಒಂದು ಕಾಲು ಗಾಳಿಯಲ್ಲಿರುತ್ತದೆ. ನಾಲ್ಕೂ ಮೂಲೆ ಒತ್ತಿ ನೋಡಿ, ಅಲುಗಾಡುವ ಕಡೆ ರಬ್ಬರಿನ ತುಂಡು ಕೊಡಬೇಕು. ತೂಕವೂ ಸಮ, ಕಾಲೂ ಗಟ್ಟಿ, ಆದರೂ ಗಡಗಡ ಎಂದರೆ ಒಳಗಿನ ಸ್ಪ್ರಿಂಗೋ ರಬ್ಬರೋ ಸವೆದಿದೆ. ಅದು ಮೆಕ್ಯಾನಿಕ್‌ನ ಕೆಲಸ.

ಮೂರನೇ ಪುಟ: ಏನೂ ಸದ್ದಿಲ್ಲ. ಗುಂಡಿ ತಿರುವಿದರೂ ಸತ್ತಂತೆ ಇರುತ್ತದೆ. ಇದಕ್ಕೆ ಹೆದರುವುದು ಬೇಡ. ಕರೆಂಟ್ ಇದೆಯೇ? ಪ್ಲಗ್ ಪೂರ್ತಿ ಕೂತಿದೆಯೇ? ಟೈಮರ್ ತಿರುವಿದ್ದೀರಾ? ಕೊನೆಯದಾಗಿ, ಮುಚ್ಚಳ ಸರಿಯಾಗಿ ಮುಚ್ಚಿದೆಯೇ? ಮುಚ್ಚಳದ ಕೆಳಗೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಮುಚ್ಚಳ ಅದನ್ನು ಒತ್ತಿದರೆ ಮಾತ್ರ ಮೋಟಾರಿಗೆ ಕರೆಂಟ್. ಒಂದು ಅಂಗಿಯ ತೋಳು ಅಡ್ಡ ಸಿಕ್ಕಿದರೂ ಸಾಕು, ಡ್ರೈಯರ್ ಮೌನವ್ರತ ಹಿಡಿಯುತ್ತದೆ.

ನಾಲ್ಕನೇ ಪುಟ ನಮ್ಮ ಮನೆಯಲ್ಲಿ ಎಲ್ಲರೂ ಮರೆಯದ ಪುಟ. ಈ ಆಷಾಢದ ಒಂದು ಬೆಳಗ್ಗೆ ನಾನು ಪೆನ್ಶನ್ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಡ್ರೈಯರ್ "ಗುಂ" ಎನ್ನುತ್ತಿದೆ, ತಿರುಗುತ್ತಿಲ್ಲ ಎಂದು ಮೊಮ್ಮಗಳು ಫೋನು ಮಾಡಿದಳು. ಗುಂ ಎನ್ನುವುದೆಂದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಆದರೆ ಬುಟ್ಟಿಯನ್ನು ಯಾವುದೋ ಹಿಡಿದಿದೆ. ಹಾಗೆ ಬಿಟ್ಟರೆ ಮೋಟಾರು ಸುಡುತ್ತದೆ. "ಆಯಿಗೆ ಹೇಳಿ ಬಟನ್ ಬಂದ್ ಮಾಡ್ಸು, ಪ್ಲಗ್ ತಗಿಸು, ನಾ ಬರೂತನಕ ಹಂಗ ಇರ್ಲಿ" ಎಂದೆ. ಕೆಲಸ ಮುಗಿಯಲಿಲ್ಲ, ರಾತ್ರಿ ತಮ್ಮನ ಮನೆಯಲ್ಲಿ ಉಳಿದು ಮರುದಿನ ಮುಂಜಾನೆ ಮನೆಗೆ ಬಂದೆ.

ಬಂದಾಗ ಹಗ್ಗದ ಮೇಲೆ ಶಾಲೆಯ ಎರಡು ಜೊತೆ ಯೂನಿಫಾರ್ಮು, ಒಂದು ಹಾಸಿಗೆ ಚಾದರ, ನನ್ನ ಖಾದಿ ಜುಬ್ಬಾ ಎಲ್ಲ ಹಿಂಡಿ ಒಣಹಾಕಿತ್ತು. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಹಿಟ್ಟು ನಾದಿದ ಹಾಗೆಯೇ ಇತ್ತು. ಆಕೆ ಒಲೆಯ ಮುಂದೆ ಎರಡೂ ಕೈ ಉಡಿಯಲ್ಲಿಟ್ಟುಕೊಂಡು ಕೂತಿದ್ದಳು.

"ಯಾಕ ಹಿಂಡಿದಿ?"

"ಸಾಲಿ ಅರಿವಿ ಒಣಗಬೇಕಲ್ರಿ. ಮಳಿ ನಿಮ್ಮ ದಾರಿ ಕಾಯತೈತೇನು?"

ಆಕೆಗೆ ಬೈಯುವಂತಿರಲಿಲ್ಲ. ಮೊಮ್ಮಗಳು ಅಂದು ಬ್ರೆಡ್ಡು ತಿಂದು ಶಾಲೆಗೆ ಹೋದಳು. ಹೋಗುವಾಗ ಆಯಿಯ ಕೈ ನೋಡಿ ಏನೂ ಮಾತಾಡಲಿಲ್ಲ.

ಆಕೆ ಸಂಜೆ ಬಂದ ಮೇಲೆ ಡ್ರೈಯರ್ ನೋಡಲು ಕೂತೆವು. ಪ್ಲಗ್ ಹೊರಗಿದೆಯೆಂದು ಖಾತ್ರಿ ಮಾಡಿಕೊಂಡೆ. ಬುಟ್ಟಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಬಂದು ಗಪ್ಪನೆ ನಿಲ್ಲುತ್ತಿತ್ತು. ಬ್ಯಾಟರಿ ಹಿಡಿದು ಬುಟ್ಟಿಯ ಮತ್ತು ಹೊರಟಬ್ಬಿನ ನಡುವಿನ ಸಂದಿಯಲ್ಲಿ ನೋಡಿದೆವು. ಕೆಳಗೆ ಬಿಳಿಯದೊಂದು ಕಂಡಿತು. ತಂತಿಯ ತುದಿಯನ್ನು ಕೊಕ್ಕೆ ಮಾಡಿ ಎಳೆದರೆ ಬಂದದ್ದು ಶಾಲೆಯ ಒಂದು ಕಾಲುಚೀಲ! ಬಟ್ಟೆಯ ಮೇಲೆ ಇಡಲು ಒಂದು ಪ್ಲಾಸ್ಟಿಕ್ ಒಳಮುಚ್ಚಳ ಕೊಟ್ಟಿರುತ್ತಾರೆ. ಅದನ್ನು ಇಡದಿದ್ದರೆ ಕಾಲುಚೀಲ, ಕರವಸ್ತ್ರದಂಥ ಸಣ್ಣವು ತಿರುಗುವಾಗ ಮೇಲೆದ್ದು ಸಂದಿಗೆ ಜಿಗಿಯುತ್ತವೆ. ಈಗ ಆ ಮುಚ್ಚಳಕ್ಕೆ ಒಂದು ಕೆಂಪು ದಾರ ಕಟ್ಟಿ ಕಣ್ಣಿಗೆ ಕಾಣುವ ಹಾಗೆ ಮೊಳೆಗೆ ತೂಗುಹಾಕಿದ್ದೇವೆ.

ಗುಂ ಎನ್ನಲು ಬೇರೆ ಕಾರಣಗಳೂ ಇವೆ. ವೋಲ್ಟೇಜ್ ಬಿದ್ದಾಗ ಮೋಟಾರು ಎಳೆಯಲಾರದೆ ನರಳುತ್ತದೆ. ಮನೆಯ ದೀಪ ಮಂಕಾಗಿದ್ದರೆ ಕಾಯುವುದೇ ಮದ್ದು. ಇಲ್ಲದಿದ್ದರೆ ಮೋಟಾರಿಗೆ ಮೊದಲ ನೂಕು ಕೊಡುವ ಕೆಪಾಸಿಟರ್ ಬಲಹೀನ ಆಗಿರಬಹುದು. ಅದು ಅಗ್ಗದ ಭಾಗವೇ. ಆದರೆ ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಹಿಂದಿನ ಹಲಗೆಯನ್ನು ಮನೆಯವರು ಬಿಚ್ಚಬಾರದು ಎನ್ನುವುದು ಇದಕ್ಕೇ.

ಐದನೇ ಪುಟ: ತಿರುಗುತ್ತದೆ, ಆದರೆ ಅರಿವಿ ಹಸಿಯೇ. ಇದಕ್ಕೆ ಸಾಮಾನ್ಯವಾಗಿ ನೀರು ಹೋಗುವ ಪೈಪನ್ನು ನೋಡಬೇಕು. ನಮ್ಮ ಮಷಿನ್ನಿನ ಎರಡೂ ಟಬ್ಬಿನ ನೀರು ಒಂದೇ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಅದು ಮಡಚಿಕೊಂಡಿದ್ದರೆ, ಎತ್ತರಕ್ಕೆ ಸಿಕ್ಕಿಸಿದ್ದರೆ, ಎಳೆ ಜುಂಗು ಕಟ್ಟಿಕೊಂಡಿದ್ದರೆ ನೀರು ಕೆಳಗೇ ನಿಂತು ಬುಟ್ಟಿಗೆ ತಾಗುತ್ತದೆ. ಪೈಪನ್ನು ನೆಲಕ್ಕೆ ನೇರ ಮಲಗಿಸಿ, ಬಾಯಿ ತೊಳೆದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಉಳಿದರ್ಧ ನಮ್ಮ ಆಸೆಯದು: ಬುಟ್ಟಿಯಲ್ಲಿ ಹಿಡಿಸಿದಷ್ಟನ್ನೂ ತುರುಕುವುದು. ಕತ್ತಿನವರೆಗೆ ತುಂಬಿದರೆ ಬುಟ್ಟಿ ಪೂರ್ತಿ ವೇಗಕ್ಕೆ ಬರುವುದೇ ಇಲ್ಲ.

ಇಲ್ಲಿ ಮೊಮ್ಮಗಳು ಒಂದು ತಕರಾರು ತೆಗೆದಳು. "ಅಮೆರಿಕಾದಾಗ ಅತ್ತಿ ಮನ್ಯಾಗಿನ ಡ್ರೈಯರ್‌ನ್ಯಾಗ ಹಾಕಿದ್ರ ಬಿಸಿಬಿಸಿ ಅರಿವಿ ಹೊರಗ ಬರತಾವ. ನಮ್ದ್ಯಾಕ ಇಲ್ಲ?" ನನ್ನ ಮಗಳ ಮನೆಯಲ್ಲಿರುವುದು ಬೇರೆಯೇ ಯಂತ್ರ. ಅದು ಬಿಸಿ ಗಾಳಿ ಊದುತ್ತಾ ಅರಿವಿಯನ್ನು ಮೆಲ್ಲಗೆ ಹೊರಳಿಸುತ್ತದೆ. ಅದಕ್ಕೂ ಅದರದೇ ರೋಗಗಳಿವೆ. ಒಣಗುವಾಗ ಅರಿವಿಯಿಂದ ಉದುರುವ ಜುಂಗು ಒಂದು ಜಾಲರಿಯಲ್ಲಿ ಸೇರುತ್ತದೆ. ಪ್ರತಿ ಸಲವೂ ಅದನ್ನು ತೆಗೆಯಬೇಕು. ತೆಗೆಯದಿದ್ದರೆ ಗಾಳಿ ಕಟ್ಟಿ ಅರಿವಿ ಒಣಗುವುದಿಲ್ಲ, ಬಿಸಿ ಹೆಚ್ಚಾಗಿ ಜುಂಗಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಕರೆಂಟಿನ ಲೆಕ್ಕವನ್ನೂ ಇಬ್ಬರೂ ಮಾಡಿದೆವು. ನಮ್ಮ ಡ್ರೈಯರಿನ ಮೋಟಾರು 150 ವಾಟ್ ಎಂದಿಟ್ಟುಕೊಂಡರೆ 5 ನಿಮಿಷದ ಒಂದು ಸರದಿಗೆ ಹನ್ನೆರಡೂವರೆ ವಾಟ್-ಗಂಟೆ. ಅಂದರೆ ಒಂದು ಯೂನಿಟ್ ಕರೆಂಟಿನಲ್ಲಿ 80 ಸರದಿ ಆಗುತ್ತದೆ! ಅದೇ 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಬಿಡದೆ ಅರ್ಧ ಗಂಟೆ ಕಾಯಿಸಿ ಹಸಿ ಅಂಗಿ ಒಣಗಿಸುವವರು 40 ಸರದಿಯ ಕರೆಂಟ್ ಖರ್ಚು ಮಾಡಿದಂತೆ. ಬಿಸಿ ಮಾಡುವುದು ದುಬಾರಿ, ತಿರುಗಿಸುವುದು ಅಗ್ಗ. ಉಳಿದ ಹಸಿಯನ್ನು ಪಡಸಾಲೆಯ ಗಾಳಿ ಪುಕ್ಕಟೆ ಒಯ್ಯುತ್ತದೆ. ಎರಡು ಅರಿವಿಯ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಸಾಕು.

ಕೊನೆಯ ಪುಟ ಬರೆದದ್ದು ಶ್ರಾವಣದಲ್ಲಿ. ಒಂದು ಸಂಜೆ ಸರದಿ ಮುಗಿಯುವ ಮೊದಲೇ ನಾನು ಮುಚ್ಚಳ ಎತ್ತಿದೆ. ಪಕ್ಕದಲ್ಲಿ ನಿಂತ ಮೊಮ್ಮಗಳು ಎಂದಿನಂತೆ ಎಣಿಸತೊಡಗಿದಳು. ಹತ್ತು ಆಯಿತು, ಹದಿನೈದು ಆಯಿತು, ಬುಟ್ಟಿ ಇನ್ನೂ ತಿರುಗುತ್ತಲೇ ಇತ್ತು. ಇಪ್ಪತ್ತಾರಕ್ಕೆ ನಿಂತಿತು. "ಅಜ್ಜಾ, ದಿನಾ ನಾಕಕ್ಕ ನಿಲ್ತಿತ್ತು" ಎಂದಳು.

ಇದು ಸಣ್ಣ ಮಾತಲ್ಲ. ಮುಚ್ಚಳ ಮುಚ್ಚಿದಾಗ ಒಂದು ತಂತಿ ಬ್ರೇಕನ್ನು ಎಳೆದು ದೂರ ಹಿಡಿದಿರುತ್ತದೆ. ಮುಚ್ಚಳ ತೆರೆದೊಡನೆ ತಂತಿ ಸಡಿಲಾಗಿ ಬ್ರೇಕು ಬಂದು ಅಪ್ಪಿಕೊಳ್ಳುತ್ತದೆ. ಸೈಕಲ್ಲಿಗೆ ತಂತಿ ಎಳೆದರೆ ಬ್ರೇಕು; ಇಲ್ಲಿ ತಂತಿ ಬಿಟ್ಟರೆ ಬ್ರೇಕು. ರೈಲಿನದೂ ಇದೇ ನೀತಿ. ಪೈಪಿನ ಗಾಳಿಯ ಒತ್ತಡವೇ ಬ್ರೇಕನ್ನು ಬಿಡಿಸಿ ಇಟ್ಟಿರುತ್ತದೆ. ಪೈಪು ಹರಿದು ಒತ್ತಡ ಹೋದರೆ ಬ್ರೇಕು ತಾನೇ ಬಿದ್ದು ಗಾಡಿ ನಿಲ್ಲುತ್ತದೆ. ಡ್ರೈಯರಿನ ತಂತಿ ಹರಿದರೂ ಹೀಗೆಯೇ, ಬುಟ್ಟಿ ಬಿಗಿಯಾಗಿ ಬರೀ ಗುಂ ಎನ್ನುತ್ತದೆ. ಆದರೆ ಬ್ರೇಕಿನ ಪಟ್ಟಿಯೇ ಸವೆದರೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಮುಚ್ಚಳ ತೆಗೆದ 15 ಸೆಕೆಂಡಿನೊಳಗೆ ಬುಟ್ಟಿ ನಿಲ್ಲದಿದ್ದರೆ ಬಳಸಬೇಡಿ ಎಂದು ಇಂಥ ಮಷಿನ್ನುಗಳ ಕೈಪಿಡಿಗಳಲ್ಲಿ ಹೇಳಿರುತ್ತದೆ. ತಿರುಗುವ ಅರಿವಿಗೆ ಬೆರಳು ಸಿಕ್ಕರೆ ಅದು ಸುತ್ತಿಕೊಂಡು ಎಳೆಯುತ್ತದೆ. ನಿಧಾನ ಆಗಿದೆ ಎಂದು ಕೈಹಾಕುವಾಗಲೇ ಅನಾಹುತ ಆಗುವುದು. ಆ ಕ್ಷಣವೇ ಪ್ಲಗ್ ತೆಗೆದು, ಮುಚ್ಚಳದ ಮೇಲೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿದೆವು.

ಮೆಕ್ಯಾನಿಕ್ ಹುಡುಗನಿಗೆ ಫೋನು ಮಾಡಿದ್ದು ಮೊಮ್ಮಗಳು. "ಡ್ರೈಯರ್ ಕೆಟ್ಟೈತಿ" ಎನ್ನಲಿಲ್ಲ. ನೋಟ್‌ಬುಕ್ ತೆರೆದು ಓದಿದಳು: "ತಿರುಗತೈತಿ. ಗಡಗಡ ಇಲ್ಲ. ನೀರು ಹೋಗತೈತಿ. ಮುಚ್ಚಳ ತಗದ್ರ ಮೋಟಾರ್ ಬಂದ್ ಆಗತೈತಿ, ಆದ್ರ ಬುಟ್ಟಿ ನಿಲ್ಲಾಕ ಇಪ್ಪತ್ತಾರು ಎಣಿಸಬೇಕು." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬ್ರೇಕ್ ಪಟ್ಟಿ ಹೋಗೈತ್ರಿ ಅಕ್ಕಾರ, ತಗೊಂಡ ಬರ್ತೀನಿ, ನಾಡದು" ಎಂದ. ಹನ್ನೊಂದು ವರ್ಷದವಳು ಅಕ್ಕಾರ ಆದಳು! ಸಾಮಾನ್ಯವಾಗಿ ಒಮ್ಮೆ ಬಂದು ನೋಡಿ ಹೋಗಿ, ಭಾಗ ತರಲು ಇನ್ನೊಮ್ಮೆ ಹೋಗಿ, ವಾರ ಕಳೆಯುವ ಕೆಲಸ ಒಂದೇ ಸಲಕ್ಕೆ ಮುಗಿಯಿತು.

ನಡುವಿನ ಎರಡು ದಿನಕ್ಕೂ ಆಕೆಯೇ ವ್ಯವಸ್ಥೆ ಮಾಡಿದಳು. ಆಯಿಗೆ ಬಚ್ಚಲ ಪ್ರವೇಶವಿಲ್ಲ. ಚಾದರದ ಒಂದು ತುದಿ ನಾನು, ಇನ್ನೊಂದು ತುದಿ ಆಕೆ ಹಿಡಿದು ಎದುರುಬದುರು ತಿರುಚಿದೆವು. ಯೂನಿಫಾರ್ಮನ್ನು ಒಣ ಟವೆಲ್ಲಿನಲ್ಲಿ ಚಾಪೆಯಂತೆ ಸುತ್ತಿ, ಮೇಲೆ ನಿಂತು ಕಾಲಿನಿಂದ ತುಳಿದಳು. ನೀರೆಲ್ಲ ಟವೆಲ್ಲಿಗೆ ಹೋಯಿತು. ಆಯಿ ಪಡಸಾಲೆಯ ಖುರ್ಚಿಯಲ್ಲಿ ಕೂತು, "ಬರೋಬ್ಬರಿ ಹಿಂಡ್ರಿ, ಇನ್ನೂ ನೀರು ಸೋರಾಕತ್ತೈತಿ" ಎಂದು ನಮ್ಮಿಬ್ಬರ ಮೇಲೆ ಸೂಪರ್‌ವೈಸರ್ ಕೆಲಸ ಮಾಡಿದಳು. ಎರಡೂ ದಿನ ರೊಟ್ಟಿಯ ಸದ್ದು ಕೇಳಿತು.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಬಚ್ಚಲು ಹಸಿ ಜಾಗ. ಮಷಿನ್ ಮುಟ್ಟಿದಾಗ ಜುಮ್ ಎಂದರೆ, ಸುಟ್ಟ ವಾಸನೆ ಬಂದರೆ, ಮೋಟಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಯಾವ ಪುಟವನ್ನೂ ತೆರೆಯಬೇಡಿ. ಒದ್ದೆ ಕೈಯಿಂದ ಮಷಿನ್ ಮುಟ್ಟದೆ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಆಮೇಲೆ ಮೆಕ್ಯಾನಿಕ್‌ಗೆ ಹೇಳಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಸರಿ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ಎಲೆಕ್ಟ್ರಿಷಿಯನ್ನರಿಂದ ನೋಡಿಸಿಕೊಳ್ಳಿ. ಮಕ್ಕಳೇ, ನಿಮ್ಮ ಕೆಲಸ ನೋಡುವುದು, ಕೇಳುವುದು, ಎಣಿಸುವುದು, ಬರೆಯುವುದು. ಅದು ಸಣ್ಣ ಕೆಲಸವಲ್ಲ. ಆ ಇಪ್ಪತ್ತಾರನ್ನು ನಾನು ಎಣಿಸಿರಲಿಲ್ಲ.

ಇನ್ನು ದಸರೆ ಬರುತ್ತದೆ. ಹಬ್ಬದ ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆಯಲು ಹೊರಬೀಳುತ್ತವೆ. ಆಯಿ ತನ್ನ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯೂ ಅದರಲ್ಲಿದೆ. ನೀರು ಕುಡಿದರೆ ಅದನ್ನು ಇಬ್ಬರು ಎತ್ತಬೇಕು. ಅದು ಡ್ರೈಯರಿಗೆ ಹೋಗುವುದಿಲ್ಲ ಎಂದು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು: "ಅಪ್ಪ ದಸರಾ ಸೂಟಿಗೆ ಬಂದಾಗ ಒಂದು ತುದಿ ಅಪ್ಪ, ಒಂದು ತುದಿ ಅಜ್ಜ."